ಅಜ್ಜಿಯ ನಾಟಿ ಪಾಡ್ದನ ಧ್ವನಿಮುದ್ರಿಸುವ ಬಗ್ಗೆ

ಮಂಜೇಶ್ವರದ ನಿಮ್ಮಜ್ಜಿ ಗದ್ದೆ ನಾಟಿಗೆ ಹೇಳುತ್ತಿದ್ದ ಪಾಡ್ದನವನ್ನು, ಅಂದರೆ ತುಳು ಕಥನಗೀತೆಯನ್ನು, ಫೋನಿನಲ್ಲಿ ಧ್ವನಿಮುದ್ರಿಸಿದರೆ ಸಾಕೇ ಎಂದು ಕೇಳಿದ್ದೀರಿ. ಧಾರಾಳ ಸಾಕು. ವಾಟ್ಸಾಪ್ ವಾಯ್ಸ್ ಮಾತ್ರ ಬೇಡ, ಅದು ದನಿಯನ್ನು ಹಿಂಡಿಬಿಡುತ್ತದೆ. ರೆಕಾರ್ಡರ್ ಆ್ಯಪ್‌ನಲ್ಲಿ ವೇವ್ ಫೈಲ್, 48 ಕಿಲೋಹರ್ಟ್ಸ್ ಇಡಿ. ಫ್ಯಾನ್ ಆರಿಸಿ, ಫೋನಿನಡಿಗೆ ಮಡಚಿದ ಬೈರಾಸು (ಟವೆಲ್) ಹಾಕಿ.

ನಿಜವಾದ ಕಷ್ಟ ಬೇರೆ. ನಾಟಿಯಲ್ಲಿ ಒಬ್ಬಾಕೆ ಸಾಲು ಎತ್ತುತ್ತಾಳೆ, ಉಳಿದವರು ದನಿಗೂಡಿಸುತ್ತಾರೆ. ಅಜ್ಜಿಯೊಬ್ಬರನ್ನೇ ಕುರ್ಚಿಯಲ್ಲಿ ಕೂರಿಸಿದರೆ ಕತೆ ಬಂದೀತು, ಧಾಟಿ ಸೊರಗುತ್ತದೆ. ಹಳೆಯ ಜತೆಗಾರ್ತಿಯರು ಇಬ್ಬರಾದರೂ ಸಿಕ್ಕಿದರೆ ಅಂಗಳದಲ್ಲೇ ಸೇರಿಸಿ. ನಡುವೆ ತಡೆದು ಅರ್ಥ ಕೇಳಬೇಡಿ. ಅದೆಲ್ಲ ಆಮೇಲೆ, ಮುದ್ರಿಸಿದ್ದನ್ನು ಅವರಿಗೇ ಕೇಳಿಸುತ್ತಾ. ‘ಉದ್ದವಾಯ್ತಜ್ಜಿ, ಚಿಕ್ಕದು ಮಾಡಿ’ ಅನ್ನುವುದಂತೂ ಬೇಡವೇ ಬೇಡ. 1990ರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ನಮ್ಮ ವಿವೇಕ ರೈ ಮೊದಲಾದವರು ಪಾಡ್ದನಕಾರ ಗೋಪಾಲ ನಾಯ್ಕರಿಂದ ದಾಖಲಿಸಿದ ಸಿರಿ ಪಾಡ್ದನ 15,683 ಸಾಲು! ಅವಸರ ಮಾಡಿದ್ದರೆ ಅಷ್ಟು ಬರುತ್ತಿತ್ತೇ?

ಯಾರಿಗೆಲ್ಲ ಕೇಳಿಸಬಹುದು ಎಂಬುದನ್ನು ಅಜ್ಜಿಯ ಬಾಯಲ್ಲೇ ಹೇಳಿಸಿ, ಅದನ್ನೂ ಮುದ್ರಿಸಿಕೊಳ್ಳಿ. ಭೂತದ ಸಂಧಿಗಳನ್ನು, ಅಂದರೆ ಭೂತದ ಕತೆ ಹೇಳುವ ಪಾಡ್ದನಗಳನ್ನು, ಕೆಲವರು ಕಂಡ ಹೊತ್ತಲ್ಲಿ ಹೇಳಲು ಒಪ್ಪುವುದಿಲ್ಲ. ಒತ್ತಾಯಿಸಬೇಡಿ. ಫೈಲಿನ ಹೆಸರಲ್ಲಿ ಊರು, ತಾರೀಕು ಇರಲಿ. ಎರಡು ಕಡೆ ಪ್ರತಿ ತೆಗೆದಿಡಿ, ಒಂದು ಮನೆಯಿಂದ ಹೊರಗೆ.