ಡಿಜೆ ರೆಕಾರ್ಡಿಂಗ್ ಬೇಡ ಅನ್ನೋದು ಜಂಬ ಅಲ್ಲ

ಮಡಿಕೇರಿ ಹತ್ತಿರದ ರೆಸಾರ್ಟ್‌ನಲ್ಲಿ ದುಡ್ಡು ಕೊಟ್ಟು ಹೋದರೂ ಡಿಜೆ ವಿಡಿಯೊ ಮಾಡಬೇಡಿ ಅಂದರು, ಇದು ಜಂಬ ಅಲ್ವಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ವಿರಾಜಪೇಟೆ ಕಡೆ ಮದುವೆಗಳಲ್ಲಿ ನಾನೂ ಡಿಜೆ ಮಾಡುತ್ತೇನೆ, ಅದಕ್ಕೇ ಹೇಳುತ್ತಿದ್ದೇನೆ.

ದೊಡ್ಡ ಕಾರಣ ಇನ್ನೂ ಬಿಡುಗಡೆಯಾಗದ ಟ್ರ್ಯಾಕ್‌ಗಳು. ಹಾಡು ಮಾಡಿದವರು ನಂಬಿಕೆಯ ಮೇಲೆ ಡಿಜೆಗೆ ಮೊದಲೇ ಕೊಟ್ಟಿರುತ್ತಾರೆ, ಜನ ಕುಣಿಯುತ್ತಾರಾ ನೋಡಿ ಆಮೇಲೆ ತಿದ್ದುತ್ತಾರೆ. ಅರ್ಧಂಬರ್ಧ ಟ್ರ್ಯಾಕ್ ಫೋನಿನ ಮೈಕಿನಲ್ಲಿ ಬೇಸ್ ಒಡೆದುಕೊಂಡು ಇನ್‌ಸ್ಟಾಗ್ರಾಮಿಗೆ ಹೋದರೆ ಅದೇ ಅದರ ಮೊದಲ ಮುಖ ಆಗಿಬಿಡುತ್ತೆ. ಎಷ್ಟು ಬೇಜಾರು ಹೇಳಿ! ನಮ್ಮ ವಾಲಗದವರು ಯಾರು ವಿಡಿಯೊ ಮಾಡಿದರೂ ಏನೂ ಅನ್ನಲ್ಲ, ಯಾಕಂದರೆ ಆ ಧಾಟಿ ಊರಿಗೆಲ್ಲ ಸೇರಿದ್ದು. ಡಿಜೆ ಹಾಕುವುದು ಬಹುತೇಕ ಬೇರೆಯವರ ಹಾಡು.

ಹಕ್ಕಿನ ವಿಷಯವೂ ಇದೆ. ಜಾಗದವರು ತೆಗೆದುಕೊಳ್ಳುವ ಲೈಸೆನ್ಸ್ ಅಲ್ಲಿ ನುಡಿಸುವುದಕ್ಕೆ, ಯೂಟ್ಯೂಬಿಗೆ ಹಾಕುವುದಕ್ಕಲ್ಲ. ಹಾಕಿದರೆ ಕಂಟೆಂಟ್ ಐಡಿ, ಅಂದರೆ ಬೇರೆಯವರ ಹಾಡನ್ನು ತಾನಾಗೇ ಗುರುತಿಸುವ ಯೂಟ್ಯೂಬಿನ ವ್ಯವಸ್ಥೆ, ಹಿಡಿಯುತ್ತೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಲಾವಿದರಿಗೂ ತಮ್ಮ ಪ್ರದರ್ಶನದ ಮೇಲೆ 50 ವರ್ಷ ಹಕ್ಕಿದೆ.

ಇನ್ನು ಬರ್ಲಿನ್‌ನ ಬರ್ಗೈನ್ ಕ್ಲಬ್‌ನಲ್ಲಿ ಬಾಗಿಲಲ್ಲೇ ಫೋನ್ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸುತ್ತಾರೆ. ಅಲ್ಲಿ ಕುಣಿಯುವವರ ಖಾಸಗಿತನ ಮುಖ್ಯ. ನನಗಂತೂ ಇದು ತುಂಬಾ ಇಷ್ಟ, ಎದುರಿಗೆ ನೂರು ಫೋನ್ ಎತ್ತಿಕೊಂಡು ನಿಂತರೆ ಯಾರಿಗಾಗಿ ನುಡಿಸುತ್ತಿದ್ದೇನೆ ಅನಿಸಿಬಿಡುತ್ತೆ, ಎದುರಿನವರ ಕಾಲು ನೋಡಿಯೇ ಅಲ್ವಾ ನಾವು ಮುಂದಿನ ಹಾಡು ಆರಿಸುವುದು.

ಸೆಟ್, ಅಂದರೆ ಡಿಜೆ ಸಾಲಾಗಿ ನುಡಿಸಿದ ಹಾಡುಗಳನ್ನು, ಮತ್ತೆ ಕೇಳಬೇಕು ಅಂದರೆ ಆ ಡಿಜೆಯನ್ನೇ ಕೇಳಿ. ಮಿಕ್ಸರ್‌ನಿಂದಲೇ ರೆಕಾರ್ಡ್ ಮಾಡಿ ಮಿಕ್ಸ್‌ಕ್ಲೌಡ್ ಅನ್ನೋ ಡಿಜೆ ಸೆಟ್‌ಗಳ ವೆಬ್‌ಸೈಟಿಗೆ ಹಾಕುವವರು ಜಾಸ್ತಿ ಇದ್ದಾರೆ, ಸೌಂಡೂ ಚೆನ್ನಾಗಿರುತ್ತೆ.