ಟೆಸ್ಟ್ ಒಳಗೆ ಕಾಂಟೆಕ್ಸ್ಟ್ ಬೇಕಾದಾಗ

ಪ್ರಶ್ನೆ: ಸ್ಪ್ರಿಂಗ್ (ಜಾವಾ ಫ್ರೇಮ್‌ವರ್ಕ್) ಪ್ರಾಜೆಕ್ಟಿಗೆ ಜಾವಾದ ಟೆಸ್ಟ್ ಟೂಲ್ ಜೆಯೂನಿಟ್ 5ರಲ್ಲಿ ಟೆಸ್ಟ್ ಬರೆಯುತ್ತಿದ್ದೇನೆ. ಸರ್ವಿಸ್‌ಗಳೆಲ್ಲ ಆಟೋವೈರ್ ಆಗಿ ಬರುತ್ತವೆ, ಅಂದರೆ ಸ್ಪ್ರಿಂಗೇ ತಂದು ತುಂಬುತ್ತದೆ. ಆದರೆ ಒಂದು ಬೀನ್ (ಸ್ಪ್ರಿಂಗ್ ನೋಡಿಕೊಳ್ಳುವ ಆಬ್ಜೆಕ್ಟ್) ಪ್ರೋಟೋಟೈಪ್ ಸ್ಕೋಪಿನದು, ಅಂದರೆ ಕೇಳಿದಾಗಲೆಲ್ಲ ಹೊಸದು ಸಿಗಬೇಕು. ಹಾಗೇ ಸಿಗುತ್ತಾ ಅಂತ ನೋಡಬೇಕು, ಅದಕ್ಕೆ ಬೀನ್‌ಗಳನ್ನೆಲ್ಲ ಮಾಡಿಕೊಡುವ ಅಪ್ಲಿಕೇಶನ್ ಕಾಂಟೆಕ್ಸ್ಟೇ ಬೇಕು. ಸದ್ಯಕ್ಕೆ ಸೆಟಪ್ ಮೆಥಡ್‌ನಲ್ಲಿ ನಾನೇ ಒಂದನ್ನು ನ್ಯೂ ಮಾಡಿಕೊಂಡಿದ್ದೇನೆ. ಸರೀನಾ?

ಉತ್ತರ: ಬೇಡ, ಮೊದಲು ಆ ಸಾಲು ಅಳಿಸಿ. ನಿಮ್ಮ ಸರ್ವಿಸ್‌ಗಳನ್ನು ಕೊಟ್ಟ ಕಾಂಟೆಕ್ಸ್ಟ್ ಆಗಲೇ ಒಂದಿದೆ ಅಲ್ವಾ? ನೀವು ಮಾಡಿದ್ದು ಎರಡನೆಯದು, ಅದರ ಬೀನ್‌ಗಳೇ ಬೇರೆ. ಆಟೋವೈರ್ ಆದ ಸರ್ವಿಸ್‌ನಲ್ಲಿ ಏನೋ ಸೆಟ್ ಮಾಡಿ, ಈ ಎರಡನೆಯದರಿಂದ ಗೆಟ್‌ಬೀನ್ ಮಾಡಿ ನೋಡಿದರೆ ಅಲ್ಲಿ ಅದರ ಸುಳಿವೇ ಇರುವುದಿಲ್ಲ, ಆಮೇಲೆ ಸುಮ್ನೆ ತಲೆ ಕೆರೆದುಕೊಳ್ಳಬೇಕು. ಸಾಲದ್ದಕ್ಕೆ ಸೆಟಪ್ ಪ್ರತಿ ಟೆಸ್ಟಿಗೂ ಓಡುತ್ತದೆ, ಅಂದರೆ ಪ್ರತಿ ಸಲ ಇಡೀ ಕಾಂಟೆಕ್ಸ್ಟ್ ಹೊಸದಾಗಿ ಏಳುತ್ತದೆ. ಸ್ಪ್ರಿಂಗ್ ತಾನು ಎಬ್ಬಿಸಿದ್ದನ್ನು ಕ್ಯಾಶ್‌ನಲ್ಲಿಟ್ಟು, ಅದೇ ಕಾನ್ಫಿಗರೇಶನ್ ಇರುವ ಬೇರೆ ಟೆಸ್ಟ್ ಕ್ಲಾಸ್‌ಗಳಿಗೂ ಕೊಡುತ್ತದೆ, ಡೀಫಾಲ್ಟಾಗಿ ಕ್ಯಾಶ್‌ನಲ್ಲಿ 32 ಕಾಂಟೆಕ್ಸ್ಟ್‌ಗಳವರೆಗೆ ಇಡುತ್ತದೆ.

ಕಾಂಟೆಕ್ಸ್ಟನ್ನೂ ಸರ್ವಿಸ್ ಕೇಳಿದ ಹಾಗೇ ಕೇಳಿ. ಅಪ್ಲಿಕೇಶನ್‌ಕಾಂಟೆಕ್ಸ್ಟ್ ಟೈಪಿನ ಫೀಲ್ಡ್, ಮೇಲೆ @ಆಟೋವೈರ್ಡ್, ಅಷ್ಟೇ. ಟೆಸ್ಟ್ ಮೆಥಡ್‌ನ ಪ್ಯಾರಾಮೀಟರ್ ಆಗಿ ತೆಗೆದುಕೊಂಡರೂ ನಡೆಯುತ್ತದೆ, ನನಗೆ ಅದೇ ಇಷ್ಟ, ಯಾವ ಟೆಸ್ಟಿಗೆ ಕಾಂಟೆಕ್ಸ್ಟ್ ಬೇಕು ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ. ಆಮೇಲೆ ಗೆಟ್‌ಬೀನ್ ಎರಡು ಸಲ ಕರೆದು, ಸಿಕ್ಕಿದ್ದೆರಡನ್ನೂ ಅಸರ್ಟ್‌ನಾಟ್‌ಸೇಮ್‌ಗೆ ಕೊಡಿ, ಎರಡೂ ಒಂದೇ ಆಬ್ಜೆಕ್ಟ್ ಆಗಿದ್ದರೆ ಅದು ಟೆಸ್ಟನ್ನು ಫೇಲ್ ಮಾಡುತ್ತದೆ. ಮಾಮೂಲಿ ಸರ್ವಿಸ್‌ಗೆಲ್ಲ ಗೆಟ್‌ಬೀನ್ ಮಾಡುತ್ತಾ ಕೂರಬೇಡಿ, ಅದಕ್ಕೆ ಆಟೋವೈರ್ ಇದೆ.

ತೀರಾ ಹಳೇ ಕೋಡ್‌ನಲ್ಲಿ ಅಬ್‌ಸ್ಟ್ರ್ಯಾಕ್ಟ್‌ಡಿಪೆಂಡೆನ್ಸಿಇಂಜೆಕ್ಷನ್‌ಸ್ಪ್ರಿಂಗ್‌ಕಾಂಟೆಕ್ಸ್ಟ್‌ಟೆಸ್ಟ್ಸ್ ಅನ್ನೋ ಮಾರುದ್ದದ ಹೆಸರಿನ ಬೇಸ್ ಕ್ಲಾಸ್ ಕಂಡೀತು. ಅದರಲ್ಲಿ ಕಾಂಟೆಕ್ಸ್ಟ್ ಒಂದು ಪ್ರೊಟೆಕ್ಟೆಡ್ ಫೀಲ್ಡ್ ಆಗಿ ಪುಕ್ಕಟೆ ಸಿಗುತ್ತಿತ್ತು. 2007ರಲ್ಲಿ ಸ್ಪ್ರಿಂಗ್ 2.5 ಜೊತೆ ಈಗಿನ ಟೆಸ್ಟ್‌ಕಾಂಟೆಕ್ಸ್ಟ್ ವ್ಯವಸ್ಥೆ ಬಂತು, ಸ್ಪ್ರಿಂಗ್ 4.0 ಹೊತ್ತಿಗೆ ಆ ಕ್ಲಾಸನ್ನೇ ತೆಗೆದುಹಾಕಿದರು.

ಇಷ್ಟಾದರೂ ಫೀಲ್ಡ್ ನಲ್ ಬಂದರೆ ಇಂಪೋರ್ಟ್ ನೋಡಿ. ಕ್ಲಾಸ್ ಮೇಲೆ ಜೆಯೂನಿಟ್ 5ಕ್ಕೆ ಸ್ಪ್ರಿಂಗನ್ನು ಜೋಡಿಸುವ @ಸ್ಪ್ರಿಂಗ್‌ಜೆಯೂನಿಟ್‌ಕಾನ್ಫಿಗ್ ಇದ್ದು, @ಟೆಸ್ಟ್ ಮಾತ್ರ ಜೆಯೂನಿಟ್ 4ರ ಪ್ಯಾಕೇಜಿನಿಂದ ಬಂದಿದ್ದರೆ, ಟೆಸ್ಟನ್ನು ಹಳೇ ಎಂಜಿನ್ ಓಡಿಸುತ್ತದೆ, ಸ್ಪ್ರಿಂಗ್ ಹತ್ತಿರವೂ ಸುಳಿಯುವುದಿಲ್ಲ. ಐಡಿಇ ತಾನಾಗಿ ಹಾಕುವ ಇಂಪೋರ್ಟ್‌ನಲ್ಲೇ ಇದು ಜಾಸ್ತಿ. ಸ್ಟ್ಯಾಟಿಕ್ ಫೀಲ್ಡ್‌ಗೂ @ಆಟೋವೈರ್ಡ್ ಕೆಲಸ ಮಾಡುವುದಿಲ್ಲ. ಎಲ್ಲ ಟೆಸ್ಟ್‌ಗಳಿಗೂ ಮೊದಲು ಒಮ್ಮೆ ಓಡುವ @ಬಿಫೋರ್‌ಆಲ್‌ನಲ್ಲಿ ಕಾಂಟೆಕ್ಸ್ಟ್ ಬೇಕಿದ್ದರೆ ಅಲ್ಲೂ ಪ್ಯಾರಾಮೀಟರ್ ಆಗಿಯೇ ಕೇಳಿ.