ಪ್ಲೇಟ್ ಖಾಲಿ, ಇಲ್ಲವೇ ತುಂಬಿದ್ದರೂ ಜೀನ್ ಇಲ್ಲ: ಜೈವಿಕ ತಂತ್ರಜ್ಞಾನ ಪ್ರಶ್ನೋತ್ತರ

ಪ್ರಶ್ನೆ: ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಎಂ.ಎಸ್ಸಿ. ಜೈವಿಕ ತಂತ್ರಜ್ಞಾನಕ್ಕಾಗಿ ಪ್ರವೇಶ ಪರೀಕ್ಷೆ ಗ್ಯಾಟ್-ಬಿ ಬರೆಯುತ್ತೇನೆ. ಗೊತ್ತಿಲ್ಲದ ಪ್ರಶ್ನೆಗೆ ಊಹೆಯ ಮೇಲೆ ಉತ್ತರ ಗುರುತಿಸಬಹುದೇ?
— ಓದುಗರು, ಹಾವೇರಿ

ಉತ್ತರ: ಎರಡು ಭಾಗಕ್ಕೆ ಎರಡು ಲೆಕ್ಕ. ಎ ಭಾಗದಲ್ಲಿ ಪಿಯುಸಿ ಮಟ್ಟದ 60 ಪ್ರಶ್ನೆ, ಎಲ್ಲವೂ ಕಡ್ಡಾಯ. ಸರಿಯಾದರೆ 1 ಅಂಕ, ತಪ್ಪಾದರೆ ಅರ್ಧ ಕಡಿತ. ಬಿ ಭಾಗದಲ್ಲಿ 100 ಪ್ರಶ್ನೆಗಳ ಪೈಕಿ 60ಕ್ಕೆ ಉತ್ತರಿಸಬೇಕು. ಸರಿಗೆ 3, ತಪ್ಪಿಗೆ 1 ಕಡಿತ. ಕಣ್ಣುಮುಚ್ಚಿ ಗುರುತಿಸಿದರೆ ಎ ಭಾಗದಲ್ಲಿ ನಷ್ಟವೇ. ಬಿ ಭಾಗದಲ್ಲಿ ಸರಾಸರಿ ಸೊನ್ನೆ. ನಾಲ್ಕರಲ್ಲಿ ಒಂದು ಆಯ್ಕೆ ಖಂಡಿತ ತಪ್ಪೆಂದು ಗೊತ್ತಾದರೂ ಸಾಕು, ಬಿ ಭಾಗದಲ್ಲಿ ಧೈರ್ಯವಾಗಿ ಗುರುತಿಸಿ. ಎ ಭಾಗದಲ್ಲಿ ಎರಡು ಆಯ್ಕೆಯನ್ನಾದರೂ ಬಿಡಲು ಸಾಧ್ಯವಾದಾಗ ಮಾತ್ರ. ಆ ವರ್ಷದ ಪ್ರಕಟಣೆಯಲ್ಲಿ ಅಂಕಪದ್ಧತಿಯನ್ನು ಒಮ್ಮೆ ನೋಡಿಕೊಳ್ಳಿ. ಇನ್ನೊಂದು ಮಾತು: ಅಂಕ ಬಂದ ಮಾತ್ರಕ್ಕೆ ಸೀಟು ತಾನಾಗಿ ಬರುವುದಿಲ್ಲ. ಬೇಕಾದ ಪ್ರತಿ ವಿಶ್ವವಿದ್ಯಾಲಯಕ್ಕೂ ಪ್ರತ್ಯೇಕ ಅರ್ಜಿ ಹಾಕಬೇಕು. ಇದು ತಿಳಿಯದೆ ಒಳ್ಳೆಯ ಅಂಕ ಪಡೆದವರೂ ಕೊನೆಯ ದಿನಾಂಕ ತಪ್ಪಿಸಿಕೊಳ್ಳುತ್ತಾರೆ.

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ 1 ಕೆಬಿ (ಸಾವಿರ ಬೇಸ್ ಜೋಡಿ) ಉದ್ದದ ಜೀನನ್ನು ಬ್ಯಾಕ್ಟೀರಿಯಾದ ಉಂಗುರಾಕಾರದ ಸಣ್ಣ ಡಿಎನ್ಎಯಾದ 3 ಕೆಬಿ ಪ್ಲಾಸ್ಮಿಡ್‌ಗೆ ಸೇರಿಸಬೇಕು. ಮೊದಲ ಸಲ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟ್ ಖಾಲಿ. ಎರಡನೇ ಸಲ ಪ್ಲೇಟ್ ತುಂಬಾ ಕಾಲೊನಿ, ಯಾವುದರಲ್ಲೂ ಜೀನ್ ಇಲ್ಲ. ಎಲ್ಲಿ ತಪ್ಪುತ್ತಿದ್ದೇನೆ?
— ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಅದನ್ನೇ ಮೂರನೇ ಸಲ ಮಾಡಬೇಡಿ. ಈ ಸಲ ಜೊತೆಗೆ ಹೋಲಿಕೆಗೆಂದು ಮೂರು ಕಂಟ್ರೋಲ್ ಪ್ಲೇಟ್ ಇಡಿ: (1) ಕತ್ತರಿಸದ ಪ್ಲಾಸ್ಮಿಡ್ 100 ಪಿಕೋಗ್ರಾಂ; (2) ಕತ್ತರಿಸಿದ ಪ್ಲಾಸ್ಮಿಡ್, ಡಿಎನ್ಎ ತುದಿಗಳನ್ನು ಬೆಸೆಯುವ ಎಂಜೈಮು ಲೈಗೇಸ್ ಇಲ್ಲದೆ; (3) ಕತ್ತರಿಸಿದ ಪ್ಲಾಸ್ಮಿಡ್ ಮತ್ತು ಲೈಗೇಸ್, ಜೀನ್ ಇಲ್ಲದೆ.

ಮೊದಲನೆಯದೂ ಖಾಲಿಯಾದರೆ ದೋಷ ಡಿಎನ್ಎ ಪಡೆಯಬೇಕಾದ ಬ್ಯಾಕ್ಟೀರಿಯಾ ಕೋಶಗಳದು. ಅವನ್ನು ಐಸಿನಲ್ಲೇ ಕರಗಿಸಿ, ವೊರ್ಟೆಕ್ಸ್ ಮಾಡಬೇಡಿ (ಯಂತ್ರದಲ್ಲಿ ಜೋರಾಗಿ ಅಲುಗಿಸಬೇಡಿ). ಡಿಎನ್ಎ ಹಾಕಿ 30 ನಿಮಿಷ ಐಸಿನಲ್ಲಿಟ್ಟು, 42 ಡಿಗ್ರಿಯಲ್ಲಿ 45 ಸೆಕೆಂಡು ಬಿಸಿ ಕೊಡಿ. ವಾಟರ್‌ಬಾತ್‌ನ ಪರದೆಯನ್ನು ನಂಬದೆ ಒಳಗೆ ಥರ್ಮಾಮೀಟರ್ ಇಟ್ಟು ನೋಡಿ. ಬಳಿಕ 37 ಡಿಗ್ರಿಯಲ್ಲಿ ಒಂದು ಗಂಟೆ ಚೇತರಿಸಿಕೊಳ್ಳಲು ಬಿಡಿ.

ಅದು ಚೆನ್ನಾಗಿ ಬಂದು ನಿಮ್ಮದು ಮಾತ್ರ ಖಾಲಿಯಿದ್ದರೆ ಲೈಗೇಶನ್, ಅಂದರೆ ಜೀನ್-ಪ್ಲಾಸ್ಮಿಡ್ ಬೆಸುಗೆ, ನೋಡಬೇಕು. 50 ನ್ಯಾನೊಗ್ರಾಂ ಪ್ಲಾಸ್ಮಿಡ್‌ಗೆ 3:1 ಅನುಪಾತದಲ್ಲಿ (ಒಂದು ಪ್ಲಾಸ್ಮಿಡ್ ಅಣುವಿಗೆ ಮೂರು ಜೀನ್ ಅಣು) ನಿಮ್ಮ ಜೀನೂ 50 ನ್ಯಾನೊಗ್ರಾಂ ಬೇಕು, ಏಕೆಂದರೆ ಅದರ ಉದ್ದ ಮೂರನೇ ಒಂದು ಭಾಗ. ಲೈಗೇಸ್ ಬಫರಿನ ಎಟಿಪಿ ಪದೇಪದೇ ಹೆಪ್ಪುಗಟ್ಟಿಸಿ ಕರಗಿಸಿದರೆ ಕೆಡುತ್ತದೆ. ಬಫರನ್ನು ಮೊದಲೇ ಸಣ್ಣ ಟ್ಯೂಬುಗಳಿಗೆ ಹಂಚಿಡಿ. ಜೆಲ್‌ನಿಂದ ಪಟ್ಟಿ ಕತ್ತರಿಸುವಾಗ ಯುವಿ ಬೆಳಕಿನಲ್ಲಿ ಹೆಚ್ಚು ಹೊತ್ತು ಇಟ್ಟ ಡಿಎನ್ಎ ಹಾಳಾಗಿರುತ್ತದೆ, ಪಟ್ಟಿ ನೋಡಲು ಚೆಂದವಿದ್ದರೂ. ಇನ್ನು 50 ಮೈಕ್ರೊಲೀಟರ್ ಕೋಶಕ್ಕೆ ಲೈಗೇಶನ್ ಮಿಶ್ರಣ 5 ಮೈಕ್ರೊಲೀಟರ್ ಮೀರದಿರಲಿ.

ಎರಡನೇ ಪ್ಲೇಟ್ ತುಂಬಿದ್ದರೆ ಪ್ಲಾಸ್ಮಿಡ್ ಪೂರ್ತಿ ಕತ್ತರಿಸಿಲ್ಲ. ಅದರಲ್ಲಿ ಕಡಿಮೆಯಿದ್ದು ಮೂರನೆಯದು ತುಂಬಿದ್ದರೆ ಪ್ಲಾಸ್ಮಿಡ್ ತನ್ನ ತುದಿಗಳನ್ನು ತಾನೇ ಬೆಸೆದುಕೊಳ್ಳುತ್ತಿದೆ. ತುದಿಯ ಫಾಸ್ಫೇಟ್ ತೆಗೆದು ಈ ಬೆಸುಗೆ ತಡೆಯುವ ಎಂಜೈಮು ಫಾಸ್ಫಟೇಸ್ ಬಳಸಿ, ಅಥವಾ ಪರಸ್ಪರ ಹೊಂದದ ತುದಿ ಕೊಡುವ ಎರಡು ಎಂಜೈಮುಗಳಿಂದ ಕತ್ತರಿಸಿ.

ಮೂರೂ ತುಂಬಿದ್ದರೆ, ಪ್ಲಾಸ್ಮಿಡ್ ಇಲ್ಲದ ಕೋಶ ಬೆಳೆಯದಂತೆ ಪ್ಲೇಟಿಗೆ ಹಾಕುವ ಪ್ರತಿಜೀವಕ ಆಂಪಿಸಿಲಿನ್ ಮೇಲೆ ಅನುಮಾನ ಪಡಿ. ಡಿಎನ್ಎ ಹಾಕದ ಕೋಶವನ್ನು ಹರಡಿ ನೋಡಿದರೆ ಖಚಿತವಾಗುತ್ತದೆ. ಆಗರ್ ಬಾಟಲಿಯನ್ನು ಕೈಯಲ್ಲಿ ಹಿಡಿಯುವಷ್ಟು, ಅಂದರೆ 50ರಿಂದ 55 ಡಿಗ್ರಿಗೆ ಆರಿದ ಮೇಲೆ, 250 ಮಿಲಿಲೀಟರಿಗೆ 100 ಮಿಲಿಗ್ರಾಂ/ಮಿಲಿಲೀಟರ್ ಸ್ಟಾಕ್ 250 ಮೈಕ್ರೊಲೀಟರ್ ಹಾಕಿ. ದೊಡ್ಡ ಕಾಲೊನಿಯ ಸುತ್ತ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು ಎದ್ದಿವೆಯೇ? ಅವು ಸ್ಯಾಟಲೈಟ್ ಕಾಲೊನಿಗಳು. ದೊಡ್ಡದು ಸ್ರವಿಸುವ ಎಂಜೈಮು ಸುತ್ತಲಿನ ಆಂಪಿಸಿಲಿನ್ ಮುರಿಯುವುದರಿಂದ ಪ್ಲಾಸ್ಮಿಡ್ ಇಲ್ಲದವೂ ಬೆಳೆಯುತ್ತವೆ. ಅವುಗಳನ್ನು ಆರಿಸಿದರೆ ಜೀನ್ ಎಂದಿಗೂ ಸಿಗದು. 16 ಗಂಟೆಗೆ ಪ್ಲೇಟ್ ಹೊರತೆಗೆದು, ದೊಡ್ಡದನ್ನು ಮಾತ್ರ ಆರಿಸಿ.

ಪ್ರಶ್ನೆ: ಎಂ.ಎಸ್ಸಿ. ಮುಗಿಯುವ ಮೊದಲೇ ಸಂಶೋಧನಾ ಫೆಲೋಶಿಪ್ ಮತ್ತು ಅಧ್ಯಾಪಕ ಅರ್ಹತೆಯ ಸಿಎಸ್ಐಆರ್-ನೆಟ್ ಪರೀಕ್ಷೆ ಬರೆಯಬಹುದೇ?
— ಓದುಗರು, ವಿಜಯಪುರ

ಉತ್ತರ: ಕೊನೆಯ ವರ್ಷದವರು ಬರೆಯಬಹುದು. ಜೀವವಿಜ್ಞಾನ ಪತ್ರಿಕೆಯ 200 ಅಂಕಗಳಲ್ಲಿ 100 ಸಿ ಭಾಗದ್ದು: 75 ಪ್ರಶ್ನೆಗಳಲ್ಲಿ 25ಕ್ಕೆ ಉತ್ತರ, ತಲಾ 4 ಅಂಕ. ಅಲ್ಲಿ ಬಾಯಿಪಾಠಕ್ಕಿಂತ ಪ್ರಯೋಗದ ಫಲಿತಾಂಶ ಓದುವುದು ಬಹಳ ಬೇಕಾಗುತ್ತದೆ. ಮೇಲಿನ ಮೂರು ಪ್ಲೇಟುಗಳ ಎಣಿಕೆ ಕೊಟ್ಟರೆ ಎಲ್ಲಿ ತಪ್ಪಿದೆ ಎಂದು ಹೇಳಬಲ್ಲಿರಾ? ತಯಾರಿಯನ್ನು ಅಲ್ಲಿಂದಲೇ ಶುರುಮಾಡಿ.